ವಸಡಿನ ಬಾವಿಗೆ ಆ್ಯಂಟಿಬಯೋಟಿಕ್: ಗುಳಿಗೆಗಿಂತ ಮೊದಲು ಮಾಡಬೇಕಾದ್ದು

ಕಲಬುರಗಿಯ ಯಾವುದೇ ಮೆಡಿಕಲ್ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ‘ವಸಡು ಬಾತಾದ, ಎರಡು ಗುಳಿಗಿ ಕೊಡ್ರಿ’ ಅನ್ನುವವರು ಸಿಕ್ಕೇ ಸಿಗುತ್ತಾರೆ. ನಾನೂ ಹಾಗೆ ಕೇಳಿದವನೇ. ಕಟಕ ರೊಟ್ಟಿ ಕಡಿದಾಗ ತುಂಡಿನ ಅಂಚಿಗೆ ರಕ್ತ ಹತ್ತಿತ್ತು. ಗುಳಿಗೆ ನುಂಗಿದೆ, ಬಾವು ಇಳಿಯಿತು. ತಿಂಗಳೊಳಗೆ ಮತ್ತೆ ಅದೇ ಕಥೆ.

ಕಾರಣ ಸರಳ. ನೀರಿನ ಟಾಕಿ ಗೋಡೆಗೆ ಲೋಳೆ ಕಟ್ಟುತ್ತದಲ್ವಾ, ಹಲ್ಲಿನ ಬುಡದಲ್ಲೂ ಹಾಗೇ ಬ್ಯಾಕ್ಟೀರಿಯಾಗಳ ಲೋಳೆ ಕೂರುತ್ತದೆ. ಕ್ರಮೇಣ ಕಲ್ಲಾಗುತ್ತದೆ. ಔಷಧ ಅದರೊಳಗೆ ಸರಿಯಾಗಿ ಇಳಿಯುವುದಿಲ್ಲ. ಕೆರೆದೇ ತೆಗೆಯಬೇಕು.

ಮೊದಲು ಕನ್ನಡಿ ಮುಂದೆ ನಿಂತು ನೋಡಿ. ವಸಡು ಕೆಂಪಾಗಿ ಉಬ್ಬಿದೆಯಾ? ಬ್ರಷ್ ಮೇಲೆ ರಕ್ತವಿದೆಯಾ? ಬೀಡಿ ಸೇದುವವರು ರಕ್ತ ಕಾಣಲಿಲ್ಲವೆಂದು ನಿಶ್ಚಿಂತೆಯಾಗಿರಬೇಡಿ. ಹೊಗೆಯಿಂದ ರಕ್ತ ಬರುವುದು ಕಡಿಮೆಯಾಗಿ ರೋಗ ಮುಚ್ಚಿಹೋಗುತ್ತದೆ.

ನಂತರ ದಂತವೈದ್ಯರ ಹತ್ತಿರ ಹೋಗಿ. ಅವರು ಗೀಟು ಹಾಕಿದ ಸಣ್ಣ ಕಡ್ಡಿಯಿಂದ ಹಲ್ಲು ಮತ್ತು ವಸಡಿನ ನಡುವಿನ ಸಂದಿನ ಆಳ ಅಳೆಯುತ್ತಾರೆ. 3 ಮಿ.ಮೀ. ಒಳಗಿದ್ದರೆ ಸಾಮಾನ್ಯವಾಗಿ ಸರಿ, 4 ಮತ್ತು ಮೇಲಾದರೆ ಆಳದ ಕ್ಲೀನಿಂಗ್ ಬೇಕಾಗಬಹುದು. ‘ಕ್ಲೀನ್ ಮಾಡಿಸಿದ್ರ ಹಲ್ಲು ಸಡ್ಲ ಆಗ್ತಾವ’ ಎಂಬ ಮಾತು ನಮ್ಮ ಕಡೆ ಜಾಸ್ತಿ. ಹಲ್ಲು ಮೊದಲೇ ಸಡಿಲವಾಗಿರುತ್ತದೆ, ಕಲ್ಲು ಹೋದ ಮೇಲೆ ಅದು ಗೊತ್ತಾಗುತ್ತದೆ, ಅಷ್ಟೇ. ಸಕ್ಕರೆ ಕಾಯಿಲೆ ಇದ್ದರೆ ಹೇಳಿ. ಸಕ್ಕರೆ ಏರಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದೂ ಕಷ್ಟ.

ಹಾಗಾದರೆ ಆ್ಯಂಟಿಬಯೋಟಿಕ್ ಯಾವಾಗ? ಚಿಕ್ಕ ವಯಸ್ಸಿನಲ್ಲೇ ರೋಗ ಜೋರಾಗಿ ಹರಡಿದವರಿಗೆ ಕ್ಲೀನಿಂಗ್ ಜೊತೆಗೆ ಅಮಾಕ್ಸಿಸಿಲಿನ್, ಮೆಟ್ರೊನಿಡಜೋಲ್ ಬರೆಯುವುದುಂಟು. ಕೀವು ತುಂಬಿ ಜ್ವರ ಬಂದಾಗಲೂ ಗುಳಿಗೆ ಬೇಕಾಗುತ್ತದೆ, ಆದರೆ ಕೀವು ಹೊರಗೆ ತೆಗೆಯಲೇಬೇಕು. ಮುಖ ಬಾತು, ಬಾಯಿ ತೆರೆಯಲು ಅಥವಾ ನುಂಗಲು ಆಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ವೈದ್ಯರ ಚೀಟಿ ಪಡೆಯುವಾಗ ಪೆನಿಸಿಲಿನ್ ಅಲರ್ಜಿ, ಗರ್ಭ, ರಕ್ತ ತೆಳುವಾಗಿಸುವ ಮಾತ್ರೆ, ಏನಿದ್ದರೂ ಹೇಳಿಬಿಡಿ. ಮೆಟ್ರೊನಿಡಜೋಲ್ ನುಂಗುವಾಗ ಹೆಂಡ ಮುಟ್ಟಬೇಡಿ. ಗುಳಿಗೆ ಪಟ್ಟಿಯ ಮೇಲಿನ ಕೆಂಪು ಗೆರೆಯ ಅರ್ಥ, ಚೀಟಿ ಇಲ್ಲದೆ ಕೊಳ್ಳಬಾರದು ಅಂತ. ಉಳಿದ ಗುಳಿಗೆಯನ್ನು ಪಕ್ಕದ ಮನೆಯವರಿಗೆ ಕೊಡುವುದೂ ಬೇಡ.

ಮನೆಯಲ್ಲಿ ಮೆತ್ತನೆಯ ಬ್ರಷ್ ಅನ್ನು ವಸಡಿನ ಕಡೆ ಓರೆ ಹಿಡಿದು ದಿನಕ್ಕೆರಡು ಸಲ ಉಜ್ಜಿ. ಮೊದಲ ಕೆಲವು ದಿನ ನೊರೆ ಗುಲಾಬಿ ಬಣ್ಣಕ್ಕೆ ತಿರುಗಬಹುದು. ಅದಕ್ಕೆ ಹೆದರಿ ಉಜ್ಜುವುದು ನಿಲ್ಲಿಸಬೇಡಿ.