ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ: ದಾರ ಸರಿ, ಗಡಿಯಾರ ತಪ್ಪು

ಮಗಳು ಕಳಿಸಿದ ಟಿಕೆಟ್ ನೋಡಿ ನನ್ನವಳಿಗೆ ನಗು. ಬೆಂಗಳೂರು ಬಿಡುವುದು ಮಧ್ಯಾಹ್ನ 2.30ಕ್ಕೆ, ಸ್ಯಾನ್ ಫ್ರಾನ್ಸಿಸ್ಕೋ ಸೇರುವುದು ಅದೇ ದಿನ ಸಂಜೆ 5ಕ್ಕೆ. "ಎರಡೂವರೆ ಗಂಟೆನಾ? ತುಮಕೂರಿಂದ ಏರ್‌ಪೋರ್ಟಿಗೆ ಹೋಗೋಕೇ ಅಷ್ಟಾಗುತ್ತಲ್ರೀ!"

ಅದು 2023ರ ಜನವರಿ. ನಾನು ಗಣಿತದ ಮೇಷ್ಟ್ರಾಗಿದ್ದವನು, ಸುಮ್ನೆ ಕೂರೋಕಾಗುತ್ತಾ? ಮೊಮ್ಮಗ ಬಿಟ್ಟುಹೋಗಿದ್ದ ಗ್ಲೋಬ್ ತೆಗೆದೆ. ವ್ಯಾಸ 30 ಸೆಂ.ಮೀ., ಸುತ್ತಳತೆ 94. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅಂದರೆ ಗ್ಲೋಬಿನ ಒಂದು ಸೆಂಟಿಮೀಟರಿಗೆ 425 ಕಿ.ಮೀ. ಹೂ ಕಟ್ಟುವ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಇನ್ನೊಂದನ್ನು ಪೆಸಿಫಿಕ್ ಸಾಗರದ ಮೇಲಿಂದ ಕ್ಯಾಲಿಫೋರ್ನಿಯಾಕ್ಕೆ ಎಳೆದೆ. ಬಿಗಿ ಮಾಡಿದಂತೆಲ್ಲ ದಾರ ಮೇಲಮೇಲಕ್ಕೆ ಜಾರಿತು. ಕೊನೆಗೆ ಹಿಮಾಲಯ, ಸೈಬೀರಿಯಾ, ಅಲಾಸ್ಕಾ ದಾಟಿಕೊಂಡು ಕೂತಿತು. ಅಳೆದರೆ 33 ಸೆಂ.ಮೀ., ಹತ್ತಿರ ಹತ್ತಿರ 14,000 ಕಿ.ಮೀ. ಫ್ರಾಂಕ್‌ಫರ್ಟ್ ಸುತ್ತಿ ಹೋದರೆ 16,500 ದಾಟುತ್ತದೆ.

ಗಂಟೆಗೆ 900 ಕಿ.ಮೀ. ಅಂತ ಭಾಗಿಸಿ, ಏರೋದು ಇಳಿಯೋದಕ್ಕೆ ಅರ್ಧ ಗಂಟೆ ಸೇರಿಸಿದೆ. 16 ಗಂಟೆ ಬಂತು. ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಅದಕ್ಕೆ ಟಿಕೆಟ್ಟಿನ ಎರಡೂವರೆ ಕೂಡಿಸಿದರೂ 16! ಅವತ್ತು ನಾನು ನೆಲದ ಮೇಲಿರಲಿಲ್ಲ ಬಿಡಿ.

ವಿಮಾನ ಮಾತ್ರ ನನ್ನ ದಾರದ ಮೇಲೆ ಹೋಗಲಿಲ್ಲ. ಪೂರ್ವಕ್ಕೆ ತಿರುಗಿ ಜಪಾನಿನ ಕಡೆಯಿಂದ ಪೆಸಿಫಿಕ್ ದಾಟಿತು. ಟಿಬೆಟ್ಟಿನ ನೆಲವೇ ಅಷ್ಟು ಎತ್ತರ. ಒಳಗಿನ ಗಾಳಿಯ ಒತ್ತಡ ಕುಸಿದರೆ ವಿಮಾನ ತಕ್ಷಣ ಕೆಳಗಿಳಿಯಬೇಕು, ಅಲ್ಲಿ ಇಳಿಯೋದೆಲ್ಲಿಗೆ? ಪೂರ್ವಕ್ಕೆ ಹೋದರೆ ದೂರ ಜಾಸ್ತಿ, ಆದರೆ ಪಶ್ಚಿಮದಿಂದ ಬೀಸುವ ಜೆಟ್ ಸ್ಟ್ರೀಮ್ ಗಾಳಿ ಹಿಂದಿನಿಂದ ತಳ್ಳುತ್ತದೆ. ಸೀಟಿನ ಮುಂದಿನ ಪರದೆಯಲ್ಲಿ ವೇಗ 1,050 ದಾಟಿದ್ದನ್ನು ನೋಡಿದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಇವೆರಡು ಊರುಗಳ ನಡುವಿನ ಮೊದಲ ವಿಮಾನವನ್ನು ಉತ್ತರ ಧ್ರುವದ ಮೇಲಿಂದಲೇ ಬೆಂಗಳೂರಿಗೆ ತಂದಿದ್ದರು. ಗಾಳಿ ನೋಡಿಕೊಂಡು ದಾರಿ, ಅಷ್ಟೇ.

ತುಮಕೂರಿನ ಮನೆ ಬಿಟ್ಟಿದ್ದು ಬೆಳಗ್ಗೆ 8ಕ್ಕೆ. ಫ್ರೀಮಾಂಟಿನಲ್ಲಿ ಮಗಳ ಮನೆಯ ಬಾಗಿಲು ತಟ್ಟಿದಾಗ ಅಲ್ಲಿ ಸಂಜೆ ಏಳೂವರೆ. ಒಟ್ಟು 25 ಗಂಟೆ, ಅದರಲ್ಲಿ ಒಂಬತ್ತು ನೆಲದ ಮೇಲೇ ಕಳೆದಿದ್ದು.

ಎಡವಿದ್ದು ಫೆಬ್ರವರಿಯಲ್ಲಿ, ವಾಪಸ್ ಬರುವಾಗ. ಶನಿವಾರ ರಾತ್ರಿ 9ಕ್ಕೆ ವಿಮಾನ, ಹದಿನೇಳೂವರೆ ಗಂಟೆ ಹಾರಾಟ. ಟಿಕೆಟ್ ನೋಡದೆ ಬಾಯಲ್ಲೇ ಲೆಕ್ಕ ಹಾಕಿ, "ಭಾನುವಾರ ಮಧ್ಯಾಹ್ನ ಎರಡೂವರೆಗೆ ಕಾರು ತಗೊಂಡು ಬಾರಪ್ಪ" ಅಂತ ತಮ್ಮನಿಗೆ ಹೇಳಿಬಿಟ್ಟೆ. ಅದು ಅಮೆರಿಕದ ಎರಡೂವರೆ! ಪಾಪ, ಅವನು ದೇವನಹಳ್ಳಿಯಲ್ಲಿ ಕಾಯುವಾಗ ನಾವು ವಿಮಾನ ಹತ್ತಿ ನಾಲ್ಕೇ ಗಂಟೆ. ಮಗಳಿಗೆ ಫೋನ್ ಮಾಡಿ ವಿಷಯ ತಿಳಿದುಕೊಂಡು ಮನೆಗೆ ಹೋಗಿ, ನಡುರಾತ್ರಿ ಎದ್ದು ಮತ್ತೆ ಬಂದಿದ್ದ. ಕಾರಲ್ಲಿ ದಾಬಸ್‌ಪೇಟೆವರೆಗೆ ಒಂದು ಮಾತಿಲ್ಲ.

ಈಗ ಮೊದಲು ಹೊರಡುವ ಹೊತ್ತನ್ನೇ ನಮ್ಮ ಗಡಿಯಾರಕ್ಕೆ ತಂದುಕೊಳ್ಳುತ್ತೇನೆ. ಅಲ್ಲಿ ಶನಿವಾರ ರಾತ್ರಿ 9 ಅಂದರೆ ಇಲ್ಲಿ ಭಾನುವಾರ ಬೆಳಗ್ಗೆ ಹತ್ತೂವರೆ. ಅದಕ್ಕೆ ಹದಿನೇಳೂವರೆ ಕೂಡಿಸಿದರೆ ಸೋಮವಾರ ಬೆಳಗಿನ ಜಾವ 4. ಚೀಟಿಯಲ್ಲಿ ಬರೆದು ನನ್ನವಳಿಗೆ ತೋರಿಸಿದ ಮೇಲೇ ತಮ್ಮನಿಗೆ ಫೋನ್.