ಆ್ಯಪ್‌ನಲ್ಲಿ ಫೋನ್ ಸಂಖ್ಯೆ ಪಡೆಯುವುದು: ನನ್ನ ಅನುಭವ

ಅಡಿಕೆ ಬೆಳೆಗಾರರ ಸಹಕಾರ ಸಂಘವೊಂದಕ್ಕೆ ಆಂಡ್ರಾಯ್ಡ್ ಆ್ಯಪ್ ಸಿದ್ಧಪಡಿಸುವಾಗ, ವಯಸ್ಸಾದ ಸದಸ್ಯರಿಗೆ ಹತ್ತು ಅಂಕಿ ಒತ್ತುವ ಶ್ರಮ ತಪ್ಪಲೆಂದು ಸಂಖ್ಯೆಯನ್ನು ಫೋನಿನಿಂದಲೇ ಓದಿಕೊಳ್ಳಲು ನಿರ್ಧರಿಸಿದೆ. ಆಂಡ್ರಾಯ್ಡ್‌ನಲ್ಲಿ ಫೋನ್ ಮಾಹಿತಿ ಕೊಡುವ ಟೆಲಿಫೋನಿ ಮ್ಯಾನೇಜರ್‌ನ ‘ಗೆಟ್ ಲೈನ್ ಒನ್ ನಂಬರ್’ ಎಂಬ ಆದೇಶ ನನ್ನ ಎರಡೂ ಫೋನುಗಳಲ್ಲಿ ಸರಿಯಾದ ಉತ್ತರವನ್ನೇ ಕೊಟ್ಟಿತು. ಸಂಘದ ಕಚೇರಿಯಲ್ಲಿ ಸದಸ್ಯರೊಬ್ಬರ ಫೋನಿಗೆ ಹಾಕಿ ನೋಡಿದರೆ ಸಂಖ್ಯೆ ಇರಬೇಕಾದ ಜಾಗ ಖಾಲಿ. “ಈಗಷ್ಟೇ ಮನೆಗೆ ಫೋನ್ ಮಾಡಿದೆನಲ್ಲ ಸರ್, ಸಿಮ್ ಸರಿಯಾಗಿಯೇ ಇದೆ” ಎಂದರು ಅವರು.

ಅವರ ಮಾತು ಸರಿಯಾಗಿತ್ತು. ಕರೆ ಹೋಗಲು ಸಿಮ್‌ಗೆ ತನ್ನ ಫೋನ್ ಸಂಖ್ಯೆ ಗೊತ್ತಿರಬೇಕಾಗಿಲ್ಲ. ನೆಟ್‌ವರ್ಕ್ ಅದನ್ನು ಐಎಂಎಸ್‌ಐ ಎಂಬ ಬೇರೆ ಗುರುತಿನಿಂದ ಗುರುತಿಸುತ್ತದೆ, ಆ ಗುರುತಿಗೆ ಸೇರಿದ ಸಂಖ್ಯೆ ಯಾವುದೆಂಬುದು ಮೊಬೈಲ್ ಕಂಪನಿಯ ದಾಖಲೆಯಲ್ಲಿರುತ್ತದೆ. ಸಿಮ್‌ನೊಳಗೆ ಸಂಖ್ಯೆ ಬರೆದಿಡಲು ಒಂದು ಕಡತವಿದ್ದರೂ ಅದನ್ನು ಎಷ್ಟೋ ಸಲ ತುಂಬಿಯೇ ಇರುವುದಿಲ್ಲ, ತುಂಬಿದ್ದರೂ ಅದು ಹಳೆಯದಾಗಿರಬಹುದು. ಆಂಡ್ರಾಯ್ಡ್ 13ರಲ್ಲಿ ಗೂಗಲ್ ‘ಗೆಟ್ ಲೈನ್ ಒನ್ ನಂಬರ್’ ಅನ್ನು ಇನ್ನು ಬಳಸದಿರುವುದು ಒಳಿತೆಂಬ (ಡೆಪ್ರಿಕೇಟೆಡ್) ಪಟ್ಟಿಗೆ ಸೇರಿಸಿದೆ.

ಫೋನ್ ಮಾಹಿತಿಗೆಂದು ಕೇಳುತ್ತಿದ್ದ ಅನುಮತಿಯನ್ನು ಪೂರ್ತಿ ತೆಗೆದುಹಾಕಿ, ಗೂಗಲ್ ಪ್ಲೇ ಸರ್ವಿಸಸ್‌ನ ‘ಫೋನ್ ನಂಬರ್ ಹಿಂಟ್’ ಎಂಬ ಸೌಲಭ್ಯ ಅಳವಡಿಸಿದೆ. ಪರದೆಯ ಕೆಳಗಿನಿಂದ ಸಣ್ಣ ಪಟ್ಟಿಯೊಂದು ಮೇಲೇಳುತ್ತದೆ, ಸದಸ್ಯರು ತಮ್ಮ ಸಂಖ್ಯೆಯನ್ನು ಮುಟ್ಟಿದರೆ ಅದಷ್ಟೇ ಆ್ಯಪ್‌ಗೆ ಸಿಗುತ್ತದೆ. ಬ್ಯಾಂಕಿಗೊಂದು, ಇಂಟರ್ನೆಟ್ಟಿಗೊಂದು ಎಂದು ಎರಡು ಸಿಮ್ ಇಟ್ಟುಕೊಂಡವರ ಪರವಾಗಿ ನಾವೇ ಒಂದನ್ನು ಆರಿಸುವುದಕ್ಕಿಂತ ಇದು ಎಷ್ಟೋ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಪಟ್ಟಿ ಬಾರದ ಫೋನುಗಳಿಗಾಗಿ ಕೈಯಿಂದ ಬರೆಯುವ ಜಾಗವನ್ನೂ ಉಳಿಸಿದೆ.

ಆದರೆ ಹೀಗೆ ಸಿಕ್ಕ ಸಂಖ್ಯೆ ಅವರದೇ ಎಂಬುದಕ್ಕೆ ಪುರಾವೆಯಿಲ್ಲದ ಕಾರಣ ಒಟಿಪಿ ಬೇಕೇ ಬೇಕು. ಎಲ್ಲ ಸಂದೇಶಗಳನ್ನು ಓದುವ ಅನುಮತಿ ಕೇಳದೆ ಪ್ಲೇ ಸರ್ವಿಸಸ್‌ನ ‘ಎಸ್ಎಂಎಸ್ ರಿಟ್ರೀವರ್’ ಬಳಸಿದೆ. ಸಂದೇಶದಲ್ಲಿ ಆ್ಯಪ್‌ನ 11 ಅಕ್ಷರಗಳ ಹ್ಯಾಷ್ (ಗುರುತಿನ ಸಂಕೇತ) ಇದ್ದರೆ ಆ ಒಂದು ಸಂದೇಶ ಮಾತ್ರ ನಮಗೆ ತಲುಪುತ್ತದೆ. ನಾನು ಎಡವಿದ್ದು ಇಲ್ಲಿಯೇ. ಹ್ಯಾಷ್ ಹುಟ್ಟುವುದು ಆ್ಯಪ್‌ನ ಪ್ಯಾಕೇಜ್ ಹೆಸರು ಮತ್ತು ಆ್ಯಪ್‌ಗೆ ಡಿಜಿಟಲ್ ಸಹಿ ಹಾಕುವ ಕೀಲಿಯ ಪ್ರಮಾಣಪತ್ರದಿಂದ. ನನ್ನ ಕಂಪ್ಯೂಟರಿನ ಕೀಲಿಯಿಂದ ಲೆಕ್ಕ ಹಾಕಿದ್ದನ್ನೇ ಸಂಸ್ಥೆಗಳು ಕಳಿಸುವ ಎಸ್ಎಂಎಸ್‌ಗಳ ಮಾದರಿಗೆ ಮೊದಲೇ ಒಪ್ಪಿಗೆ ಪಡೆಯುವ ಡಿಎಲ್‌ಟಿ ವ್ಯವಸ್ಥೆಯ ಟೆಂಪ್ಲೇಟಿನಲ್ಲಿ ನೋಂದಾಯಿಸಿದ್ದೆ, ಪ್ಲೇ ಸ್ಟೋರ್ ಆ್ಯಪ್‌ಗೆ ತನ್ನ ಬಳಿಯಿದ್ದ ಬೇರೆ ಕೀಲಿಯಿಂದ ಸಹಿ ಹಾಕಿತ್ತು. ಸಂದೇಶ ಬಂದರೂ ಒಟಿಪಿಯ ಆರು ಚೌಕಗಳು ಖಾಲಿಯಾಗಿಯೇ ಉಳಿದವು. ಆ್ಯಪ್ ತಯಾರಕರಿಗಾಗಿ ಗೂಗಲ್ ಕೊಡುವ ಪ್ಲೇ ಕನ್ಸೋಲ್ ಎಂಬ ತಾಣದಿಂದ ಸಹಿಯ ಪ್ರಮಾಣಪತ್ರವನ್ನು ಇಳಿಸಿಕೊಂಡು, ಹೊಸ ಹ್ಯಾಷ್ ಲೆಕ್ಕ ಹಾಕಿ, ಟೆಂಪ್ಲೇಟಿಗೆ ಮತ್ತೆ ಒಪ್ಪಿಗೆ ಪಡೆದ ಮೇಲೆ ಅದೇ ಸದಸ್ಯರ ಫೋನಿನಲ್ಲಿ ಚೌಕಗಳು ತಾವಾಗಿಯೇ ತುಂಬಿಕೊಂಡವು.