ಮಳೆಗಾಲದ ಅಡುಗೆಗೆ ಹಿತ್ತಲೇ ಸಾಕು

ಮಲೆನಾಡಿನ ತೋಟದ ಮನೆಗೆ ಹೊಸದಾಗಿ ಬಂದವರು ಮಳೆಗಾಲ ಅಂದರೆ ಹೆದರುತ್ತಾರೆ. ಪೇಟೆ ದೂರ, ಕರೆಂಟು ನೆಚ್ಚುವ ಹಾಗಿಲ್ಲ, ತರಕಾರಿಗೆ ಏನು ಮಾಡೋದು ಅಂತ. ಆದರೆ ನಮ್ಮ ಸಾಗರ, ಸಿರ್ಸಿ ಕಡೆ ಊಟ ರುಚಿ ಹತ್ತುವುದೇ ಆಷಾಢದಲ್ಲಿ. ಅರ್ಧ ಕೆಲಸ ಬೇಸಿಗೆಯಲ್ಲೇ ಮುಗಿಸಿರಬೇಕು, ಅಷ್ಟೇ.

ಮೊದಲು ಹಲಸಿನ ಸೊಳೆ. ಬಲಿತಿರಬೇಕು, ಹಣ್ಣಾಗಿರಬಾರದು, ಅಂಥ ಕಾಯಿ ನೋಡಿ ಕೊಯ್ಯಿರಿ. ಸೊಳೆ ಬಿಡಿಸಿ, ಬೀಜ ತೆಗೆದು, ಒಂದು ಪದರ ಸೊಳೆ, ಮೇಲೊಂದು ಹಿಡಿ ಕಲ್ಲುಪ್ಪು, ಹೀಗೆ ಭರಣಿಗೆ ಒತ್ತಿ ತುಂಬಿ. ಬಾಳೆಲೆ ಮುಚ್ಚಿ ಕಲ್ಲು ಹೇರಿ. ಉಪ್ಪು ಕರಗಿ ನೀರು ಬಿಟ್ಟುಕೊಂಡು ಸೊಳೆ ಮುಳುಗಬೇಕು. ಮುಳುಗದಿದ್ದರೆ ಉಪ್ಪುನೀರು ಕುದಿಸಿ, ಪೂರ್ತಿ ಆರಿಸಿ ಹಾಕಿ. ಮೇಲೆ ಇಣುಕುವ ಸೊಳೆಗೇ ಮೊದಲು ಬೂಸಲು ಬರುವುದು. ಬಳಸುವ ಹಿಂದಿನ ರಾತ್ರಿ ನೀರಲ್ಲಿ ನೆನೆಸಿಟ್ಟರೆ ಉಪ್ಪು ಬಿಡುತ್ತದೆ. ಹೊರಗೆ ಜಡಿಮಳೆ, ಒಲೆ ಮೇಲೆ ಸೊಳೆ ರೊಟ್ಟಿ, ಪಕ್ಕಕ್ಕೆ ಮನೆಯ ಬೆಣ್ಣೆ. ಪೇಟೆಯ ಯಾವ ಹೋಟೆಲೂ ಇದನ್ನು ಕೊಡಲ್ಲ ಬಿಡಿ.

ಹುಳಿಗೆ ಬಳಸುವ ಮುರುಗಲು (ಕೋಕಂ) ಸಿಪ್ಪೆಯನ್ನು ಮಳೆ ಹಿಡಿಯುವ ಮೊದಲೇ ಗರಿಗರಿ ಒಣಗಿಸಿಡಿ. ಮಗೆಕಾಯಿಯನ್ನು (ಮಂಗಳೂರು ಸೌತೆ) ಬಾಳೆಪಟ್ಟೆಯಲ್ಲಿ ಕಟ್ಟಿ ಅಟ್ಟದ ಕೆಳಗೆ ತೂಗುಹಾಕಿ. ಒಂದಕ್ಕೊಂದು ತಾಗಬಾರದು, ತಾಗಿದ ಕಡೆಯಿಂದ ಕೊಳೆ ಶುರು.

ಮಳೆ ಕೂತ ಮೇಲೆ ಹಿತ್ತಲಿಗಿಳಿಯುವುದೇ ಒಂದು ಖುಷಿ. ಅನ್ನಕ್ಕೆ ಎಸರಿಟ್ಟು, ಕೊಡೆ ಹಿಡಿದು ಹೋಗಿ ಒಂದೆಲಗ ಕೊಯ್ದು ತನ್ನಿ. ಹೊತ್ತಿಗೆ ಮುಂಚೆ ಕೊಯ್ದಿಟ್ಟರೆ ಬಾಡಿ ಘಮ ಹೋಗುತ್ತದೆ. ಬಳ್ಳಿ ಬಿಟ್ಟು ಎಲೆ, ದಂಟು ಮಾತ್ರ ಚಿವುಟಿದರೆ ವಾರದಲ್ಲಿ ಮತ್ತೆ ಚಿಗುರುತ್ತದೆ. ತೇವದ ಜಾಗದ ಸೊಪ್ಪು, ಹುಳ ಇರುತ್ತದೆ; ಉಪ್ಪುನೀರಲ್ಲಿ ಹಾಕಿಟ್ಟು ಮೂರು ನಾಲ್ಕು ಸಲ ತೊಳೆಯಿರಿ. ಒಂದು ಹಿಡಿ ಎಲೆಗೆ ಒಂದು ಚಮಚ ಜೀರಿಗೆ, 4-5 ಕಾಳುಮೆಣಸು, ಒಂದು ಹಿಡಿ ಕಾಯಿತುರಿ. ನುಣ್ಣಗೆ ಬೀಸಿ, ಮಜ್ಜಿಗೆ ಬೆರೆಸಿ, ತುಪ್ಪದ ಒಗ್ಗರಣೆ ಕೊಟ್ಟರೆ ತಂಬುಳಿ ಆಯ್ತು. ಇದನ್ನು ಕುದಿಸಬೇಡಿ. ದೊಡ್ಡಪತ್ರೆಯಾದರೆ ಎಲೆಯನ್ನು ತುಪ್ಪದಲ್ಲಿ ಬಾಡಿಸಿ ಬೀಸಬೇಕು.

ಕೆಸುವಿನ ಎಲೆ ತುರಿಸುತ್ತದೆ ಅಂತ ಕೆಲವರು ಮುಟ್ಟುವುದೇ ಇಲ್ಲ. ದಪ್ಪ ನಾರು ತೆಗೆದು, ಹುಳಿ ಕೈಬಿಡದೆ ಹಾಕಿ, ಚೆನ್ನಾಗಿ ಬೇಯಿಸಿದರೆ ಗಂಟಲು ಏನೂ ಅನ್ನಲ್ಲ. ಈ ಎಲೆಗೆ ಹಿಟ್ಟು ಹಚ್ಚಿ ಸುತ್ತಿ ಬೇಯಿಸುವ ಪತ್ರೊಡೆ ಅರೆಬೆಂದರೇ ತಕರಾರು ಮಾಡುವುದು. ಒಣಗಿಸಿಟ್ಟ ಮುರುಗಲು ಇಲ್ಲಿ ಕೆಲಸಕ್ಕೆ ಬರುತ್ತದೆ ನೋಡಿ.

ಕಳಲೆ, ಅಂದರೆ ಬಿದಿರಿನ ಎಳೆ ಮೊಳಕೆ, ಇದಕ್ಕೆ ಮಾತ್ರ ಸ್ವಲ್ಪ ಜಾಗ್ರತೆ. ಹಸಿ ಕಳಲೆಯಲ್ಲಿ ವಿಷದ ಅಂಶ ಇರುತ್ತದೆ, ಆಸೆಗೆ ಬಿದ್ದು ಅವತ್ತೇ ಬೇಯಿಸಿ ಬಡಿಸಬೇಡಿ. ಸಿಪ್ಪೆ ಸುಲಿದು, ತೆಳ್ಳಗೆ ಹೆಚ್ಚಿ, ಮೂರು ದಿನ ನೀರಲ್ಲಿ ನೆನೆಸಿ. ದಿನಾ ನೀರು ಬದಲಿಸಿ. ಆ ನೀರನ್ನು ದನಕರು ಬಾಯಿ ಹಾಕುವ ಕಡೆ ಚೆಲ್ಲಬೇಡಿ. ಆಮೇಲೆ ಒಮ್ಮೆ ಬೇಯಿಸಿ, ನೀರು ಬಸಿದು, ಹೆಸರುಕಾಳು ಹಾಕಿ ಹುಳಿ ಮಾಡಿ. ಇನ್ನೊಂದು, ತೋಟದಂಚಿನ ಮೆಳೆಯಲ್ಲಿ ಕಂಡ ಕಳಲೆಯನ್ನೆಲ್ಲ ಮುರಿದು ತರಬೇಡಿ. ಮುಂದೆ ಏಣಿಗೆ, ದೋಟಿಗೆ ಬಿದಿರು ಬೇಕಲ್ವಾ?